ಮ್ಯಾಂಚೆಸ್ಟರಿನ ಕರಿ ಪತಂಗ

ಆರ್. ಎಸ್. ಎಡ್ಲ್‌ಸ್ಟನ್ ಎಂಬಾತ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿದ್ದ ಒಬ್ಬ ಕೀಟ ಸಂಗ್ರಹಕಾರ. 1864ರಲ್ಲಿ ಆತ ಕೀಟಶಾಸ್ತ್ರದ ಪತ್ರಿಕೆಯೊಂದಕ್ಕೆ ನಾಲ್ಕಾರು ಸಾಲಿನ ಟಿಪ್ಪಣಿ ಬರೆದು ಕಳಿಸಿದ. ಸುಮಾರು ಹದಿನಾರು ವರ್ಷಗಳ ಹಿಂದೆ ಈ ಸಾಮಾನ್ಯ ಪತಂಗದ ಕಪ್ಪು ಬಗೆ ಹೆಚ್ಚುಕಡಿಮೆ ಯಾರಿಗೂ ಗೊತ್ತಿರಲಿಲ್ಲ. ಈ ವರ್ಷ ಗಂಡುಗಳನ್ನು ಸೆಳೆಯಲೆಂದು ಕೆಲವು ಹೆಣ್ಣು ಪತಂಗಗಳನ್ನು ಮನೆಯ ತೋಟದಲ್ಲಿ ಇಟ್ಟರೆ ಬಂದ ಅತಿಥಿಗಳಲ್ಲಿ ಹೆಚ್ಚಿನವು ಕಪ್ಪು. ಹೀಗೇ ಮುಂದುವರಿದರೆ ಇನ್ನು ಕೆಲವೇ ವರ್ಷಗಳಲ್ಲಿ ಮೂಲದ ಬಿಳಿ ಬಗೆ ಈ ಸೀಮೆಯಲ್ಲಿ ಇಲ್ಲವಾದೀತು ಎಂಬುದು ಅದರ ಸಾರಾಂಶ.

ಆ ಟಿಪ್ಪಣಿಯನ್ನು ಓದಿದವರು ಎಷ್ಟು ಮಂದಿಯೋ! ಆದರೆ ಎಡ್ಲ್‌ಸ್ಟನ್ ಲೆಕ್ಕ ತಪ್ಪಲಿಲ್ಲ. 1895ರ ವೇಳೆಗೆ ಮ್ಯಾಂಚೆಸ್ಟರಿನ ಸುತ್ತಮುತ್ತ ಈ ಜಾತಿಯ ಪತಂಗಗಳಲ್ಲಿ ಶೇ 98ರಷ್ಟು ಕಪ್ಪಾಗಿದ್ದವು. 1848ರಿಂದ ಎಣಿಸಿದರೆ ಕೇವಲ 47 ವರ್ಷ. ಒಬ್ಬ ಮನುಷ್ಯನ ಅರ್ಧ ಆಯುಷ್ಯದಲ್ಲಿ ಒಂದು ಊರಿನ ಜೀವಿಯೊಂದು ಬಿಳಿಯಿಂದ ಕಪ್ಪಿಗೆ ತಿರುಗಿತ್ತು.

ಇಂಗ್ಲಿಷಿನಲ್ಲಿ ಇದಕ್ಕೆ 'ಪೆಪ್ಪರ್ಡ್ ಮಾತ್' ಎಂದು ಹೆಸರು. ಬಿಳಿ ಬಟ್ಟೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಾಣುವ ರೆಕ್ಕೆಗಳಿಂದ ಬಂದ ಹೆಸರು. ನಾವು ಬೇಕಾದರೆ ಮೆಣಸು ಪತಂಗ ಎನ್ನಬಹುದು. ವಿಜ್ಞಾನಿಗಳು ಇಟ್ಟ ಹೆಸರು ಬಿಸ್ಟನ್ ಬೆಟುಲೇರಿಯಾ. ರೆಕ್ಕೆ ಬಿಚ್ಚಿದರೆ ನಾಲ್ಕೂವರೆಯಿಂದ ಆರು ಸೆಂಟಿಮೀಟರ್. ಹಗಲೆಲ್ಲ ಮರಕ್ಕೆ ಅಂಟಿಕೊಂಡು ಅಲುಗಾಡದೆ ಕೂರುತ್ತದೆ, ಓಡಾಟವೇನಿದ್ದರೂ ರಾತ್ರಿ. ದೊಡ್ಡದಾದ ಮೇಲೆ ಅದು ಆಹಾರವನ್ನೇ ತೆಗೆದುಕೊಳ್ಳುವುದಿಲ್ಲ. ಬೇಸಿಗೆಯ ಕೆಲವು ರಾತ್ರಿಗಳಲ್ಲಿ ಜೋಡಿಯನ್ನು ಹುಡುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯಿಂದ ಹೊರಬಂದ ಹುಳು ಬರ್ಚ್, ವಿಲ್ಲೋ, ಓಕ್ ಮುಂತಾದ ಮರಗಳ ಎಲೆ ತಿಂದು ಬೆಳೆದು, ಮಣ್ಣಿನೊಳಗೆ ಕೋಶವಾಗಿ ಚಳಿಗಾಲ ಕಳೆಯುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಈ ಅಂಶವನ್ನು ನೆನಪಿಡಬೇಕು. ಮುಂದೆ ಒಬ್ಬ ಮಹಾಶಯರ ಲೆಕ್ಕಕ್ಕೆ ಇದು ಬೇಕಾಗುತ್ತದೆ.

ಈ ಪತಂಗದಲ್ಲಿ ಮೂರು ಬಗೆ. ಬಿಳಿ ಮೈ ಮೇಲೆ ಕಪ್ಪು ಚುಕ್ಕೆಯದು 'ಟಿಪಿಕಾ'. ತಲೆಯಿಂದ ರೆಕ್ಕೆಯ ತುದಿಯವರೆಗೆ ಇದ್ದಿಲಿನಂತಿರುವುದು 'ಕಾರ್ಬೊನೇರಿಯಾ'. ಇವೆರಡರ ನಡುವೆ ಬೂದು, ಕಂದು, ಹೊಗೆ ಹಿಡಿದ ಬಿಳಿ ಎಂದು ನಾನಾ ಛಾಯೆಗಳವು 'ಇನ್ಸುಲೇರಿಯಾ'. ಮೂರೂ ಒಂದೇ ಜಾತಿ. ತಮ್ಮ ತಮ್ಮಲ್ಲಿ ಕೂಡುತ್ತವೆ, ಒಂದೇ ತಾಯಿಯ ಮಕ್ಕಳಲ್ಲಿ ಬಿಳಿಯೂ ಇರಬಹುದು, ಕಪ್ಪೂ ಇರಬಹುದು. ಬಣ್ಣ ಹುಟ್ಟಿನಿಂದ ಬಂದದ್ದು. ಬಿಳಿ ಪತಂಗಕ್ಕೆ ಮಸಿ ಮೆತ್ತಿ ಅದು ಕಪ್ಪಾಯಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬಿಳಿಯಾಗಿ ಕೋಶದಿಂದ ಹೊರಬಂದದ್ದು ಬಿಳಿಯಾಗಿಯೇ ಸಾಯುತ್ತದೆ.

ಮತ್ತೆ ಬದಲಾದದ್ದು ಏನು? ಎಣಿಕೆ. ನೂರರಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂಬ ಎಣಿಕೆ.

ಹತ್ತಿಯ ಊರು, ಹೊಗೆಯ ಊರು

ಹತ್ತೊಂಬತ್ತನೆಯ ಶತಮಾನದ ಮ್ಯಾಂಚೆಸ್ಟರ್ ಎಂದರೆ ಹತ್ತಿ ಗಿರಣಿಗಳ ರಾಜಧಾನಿ. ಗಿರಣಿ ಎಂದರೆ ಉಗಿ ಯಂತ್ರ, ಉಗಿ ಎಂದರೆ ಕಲ್ಲಿದ್ದಲು, ಕಲ್ಲಿದ್ದಲು ಎಂದರೆ ಹೊಗೆ. ಜತೆಗೆ ಪ್ರತಿ ಮನೆಯಲ್ಲೂ ಒಲೆಗೆ, ಚಳಿ ಕಾಯಿಸುವುದಕ್ಕೆ ಅದೇ ಕಲ್ಲಿದ್ದಲು. ಅಮೆರಿಕದ ಅಂತರ್ಯುದ್ಧದಿಂದಾಗಿ (1861–65) ಅಲ್ಲಿನ ಹತ್ತಿ ಬರುವುದು ನಿಂತಾಗ ಈ ಗಿರಣಿಗಳ ಕಣ್ಣು ನಮ್ಮ ಧಾರವಾಡದ ಮೇಲೂ ಬಿದ್ದಿತ್ತು. ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ಬೆಳೆಯುತ್ತಿದ್ದ ಅಮೆರಿಕನ್ ತಳಿಯ ಹತ್ತಿಗೆ 'ಧಾರವಾರ್ ಅಮೆರಿಕನ್' ಎಂದೇ ಹೆಸರಿತ್ತು. ಅದನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ರಾಜಕಾರಣವೂ ಇತ್ತು. ಎಡ್ಲ್‌ಸ್ಟನ್ ತನ್ನ ತೋಟದಲ್ಲಿ ಕಪ್ಪು ಪತಂಗ ಎಣಿಸುತ್ತಿದ್ದದ್ದು ಸರಿಯಾಗಿ ಇದೇ ವರ್ಷಗಳಲ್ಲಿ.

ಹೊಗೆ ಎರಡು ಕೆಲಸ ಮಾಡಿತು. ಮೊದಲನೆಯದು ಎಲ್ಲರಿಗೂ ಕಾಣುವಂಥದು: ಮಸಿ ಬಿದ್ದು ಮರದ ಕಾಂಡ, ಕೊಂಬೆ ಕಪ್ಪಾದವು. ಎರಡನೆಯದು ಅಷ್ಟು ಬೇಗ ಕಾಣದು. ಕಲ್ಲಿದ್ದಲ ಹೊಗೆಯಲ್ಲಿರುವ ಗಂಧಕದ ಡಯಾಕ್ಸೈಡ್ ಅನಿಲ ಮರದ ಮೈ ಮೇಲಿನ ಕಲ್ಲುಹೂವನ್ನು ಕೊಂದಿತು. ಕಲ್ಲುಹೂವು ನಮ್ಮ ಅಡುಗೆಮನೆಗೆ ಹೊಸದಲ್ಲ, ಮಸಾಲೆಗೆ ಹಾಕುವ ವಸ್ತು. ಪಾಚಿ ಮತ್ತು ಶಿಲೀಂಧ್ರ ಕೂಡಿ ಬಾಳುವ ಈ ಜೀವಿಗೆ ಕೆಟ್ಟ ಗಾಳಿ ಆಗಿಬರುವುದಿಲ್ಲ. ಅದರಲ್ಲಿ ನೂರಾರು ಬಗೆ. ಬೂದು ಬಿಳಿ ಬಣ್ಣದ ಕಲ್ಲುಹೂವು ಹಬ್ಬಿದ ಮರದ ಮೇಲೆ ಬಿಳಿ ಮೆಣಸು ಪತಂಗ ಕುಳಿತರೆ ಎರಡು ಅಡಿ ದೂರದಲ್ಲಿದ್ದರೂ ನಮ್ಮ ಕಣ್ಣಿಗೆ ಬೀಳುವುದು ಕಷ್ಟ. ಅದೇ ಪತಂಗ ಮಸಿ ಹಿಡಿದ ಬೋಳು ಕಾಂಡದ ಮೇಲೆ ಕುಳಿತರೆ? ಕಪ್ಪು ಹಲಗೆಯ ಮೇಲೆ ಸುಣ್ಣದ ಬಳಪದಿಂದ ಬರೆದಂತೆ. ಹಕ್ಕಿಗೆ ಕರೆದು ಊಟ ಬಡಿಸಿದ ಹಾಗೆ.

1896ರಲ್ಲಿ ಜೆ. ಡಬ್ಲ್ಯು. ಟಟ್ ಎಂಬ ಕೀಟಶಾಸ್ತ್ರಜ್ಞ ಈ ವಿವರಣೆಯನ್ನು ತನ್ನ ಪುಸ್ತಕದಲ್ಲಿ ಕೊಟ್ಟ. ಹಳ್ಳಿಗಾಡಿನಲ್ಲಿ ಹಕ್ಕಿಗಳು ಕಪ್ಪನ್ನು ಹೆಚ್ಚಾಗಿ ಹಿಡಿಯುತ್ತವೆ, ಕೈಗಾರಿಕಾ ಊರುಗಳಲ್ಲಿ ಬಿಳಿಯನ್ನು. ಉಳಿದದ್ದು ಮರಿ ಮಾಡುತ್ತದೆ. ಇಷ್ಟೇ ಅವನ ವಾದ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಹೇಳಿದ ನಿಸರ್ಗದ ಆಯ್ಕೆ ಎಂದರೆ ಇದೇ ತಾನೆ?

ಡಾರ್ವಿನ್ನನಿಗೆ ಇಂಥದೊಂದು ಉದಾಹರಣೆ ಸಿಕ್ಕಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ. ನಿಸರ್ಗದ ಆಯ್ಕೆ ಬಹಳ ನಿಧಾನವಾಗಿ ನಡೆಯುತ್ತದೆ, ಅದನ್ನು ಕಣ್ಣಾರೆ ಕಾಣಲಾಗದು ಎಂದು ಆತ ನಂಬಿದ್ದ. ವಿಚಿತ್ರವೆಂದರೆ 1878ರ ನವೆಂಬರ್‌ನಲ್ಲಿ ಆಲ್ಬರ್ಟ್ ಫಾರ್ನ್ ಎಂಬ ಪತಂಗ ಸಂಗ್ರಾಹಕ ಅವನಿಗೊಂದು ಪತ್ರ ಬರೆದಿದ್ದ. ಅದು ಮೆಣಸು ಪತಂಗದ ಬಗ್ಗೆಯಲ್ಲ, 'ಆ್ಯನುಲೆಟ್' ಎಂಬ ಇನ್ನೊಂದು ಪತಂಗದ ಬಗ್ಗೆ. ನೆಲದ ಬಣ್ಣ ಹೇಗೋ ಹಾಗೆ ಅದರ ಬಣ್ಣ ಊರಿಂದೂರಿಗೆ ಬದಲಾಗುತ್ತದೆ. ಆದರೆ ಸುಣ್ಣಕಲ್ಲಿನ ಒಂದು ಇಳಿಜಾರಿನಲ್ಲಿ ಕಪ್ಪು ಪತಂಗಗಳಿವೆ, ಅಲ್ಲಿ ಸುಣ್ಣದ ಭಟ್ಟಿಗಳ ಹೊಗೆ ಇಳಿಜಾರನ್ನು ಕಪ್ಪು ಮಾಡಿದೆ. ಇದು ನೀವು ಹೇಳಿದ 'ಯೋಗ್ಯವಾದದ್ದರ ಉಳಿವು' ಆಗಿರಬಹುದೇ ಎಂದು ಆತ ಕೇಳಿದ್ದ. ಡಾರ್ವಿನ್ ಉತ್ತರಿಸಿದ್ದಕ್ಕೆ ಕುರುಹಿಲ್ಲ. 1882ರಲ್ಲಿ ಆತ ತೀರಿಕೊಂಡ.

ಲೆಕ್ಕ ಹಾಕಿದ ಹಾಲ್ಡೇನ್

ಟಟ್‌ನ ಮಾತು ಚೆನ್ನಾಗಿತ್ತು. ಆದರೆ ಕೀಟಶಾಸ್ತ್ರಜ್ಞರೇ ಅದನ್ನು ಒಪ್ಪಲಿಲ್ಲ. ಹಕ್ಕಿಗಳು ಕುಳಿತ ಪತಂಗವನ್ನು ಹೆಕ್ಕಿ ತಿನ್ನುವುದನ್ನು ನಾವು ಕಂಡೇ ಇಲ್ಲ ಎಂದರು. ಈ ನಡುವೆ 1920ರ ದಶಕದಲ್ಲಿ ಜೆ. ಡಬ್ಲ್ಯು. ಹೆಸ್ಲಪ್ ಹ್ಯಾರಿಸನ್ ಎಂಬ ಪ್ರಾಧ್ಯಾಪಕರು ಬೇರೆಯದೇ ವಾದ ತಂದರು. ಸೀಸ, ಮ್ಯಾಂಗನೀಸ್ ಲವಣ ಬೆರೆಸಿದ ಎಲೆಯನ್ನು ಹುಳುಗಳಿಗೆ ತಿನ್ನಿಸಿದಾಗ ಮುಂದಿನ ಪೀಳಿಗೆಗಳಲ್ಲಿ ಕಪ್ಪು ಪತಂಗಗಳು ಹುಟ್ಟಿದವು, ಆದ್ದರಿಂದ ಎಲೆಯ ಮೇಲಿನ ಮಸಿಯ ವಿಷವೇ ಕಾರಣ ಎಂದರು. ಬೇರೆಯವರು ಅದೇ ಪ್ರಯೋಗ ಮಾಡಿದರೆ ಕಪ್ಪು ಹುಟ್ಟಲಿಲ್ಲ. ಇದೇ ಹ್ಯಾರಿಸನ್ನರ ಮೇಲೆ ಮುಂದೆ 1948ರಲ್ಲಿ, ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ಅಪರೂಪದ ಗಿಡಗಳನ್ನು ತಾವೇ ನೆಟ್ಟು ತಾವೇ 'ಕಂಡುಹಿಡಿದರು' ಎಂಬ ಆರೋಪ ಬಂದಿತು. ಅದು ಇನ್ನೊಂದು ದಿನದ ಕಥೆ.

ಇತ್ತ ಕೇಂಬ್ರಿಜ್‌ನಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಮರ, ಹಕ್ಕಿ, ಪತಂಗ ಯಾವುದನ್ನೂ ಹತ್ತಿರದಿಂದ ನೋಡುವ ಗೊಡವೆಗೆ ಹೋಗದೆ ಕಾಗದದ ಮೇಲೆ ಲೆಕ್ಕ ಹಾಕಿದರು. ವರ್ಷಕ್ಕೊಂದು ಪೀಳಿಗೆ. ಕಪ್ಪು ಬಣ್ಣದ ವಂಶವಾಹಿ ಪ್ರಬಲವಾದದ್ದು, ಅಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಮರಿ ಕಪ್ಪಾಗುತ್ತದೆ. 1848ರಲ್ಲಿ ಕಪ್ಪಿನ ಪಾಲು ನೂರಕ್ಕೆ ಒಂದಕ್ಕಿಂತ ಹೆಚ್ಚಿಲ್ಲ, 1901ರಲ್ಲಿ ಬಿಳಿಯ ಪಾಲು ಒಂದಕ್ಕಿಂತ ಹೆಚ್ಚಿಲ್ಲ ಎಂದಿಟ್ಟುಕೊಂಡರೆ, ಪ್ರತಿ ಪೀಳಿಗೆಯಲ್ಲೂ ಬಿಳಿ ಪತಂಗ ಎರಡು ಮರಿಯನ್ನು ಉಳಿಸಿಹೋದರೆ ಕಪ್ಪು ಪತಂಗ ಮೂರನ್ನು ಉಳಿಸಿಹೋಗಬೇಕು. 1924ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಅನೇಕರಿಗೆ ನಂಬಿಕೆ ಬರಲಿಲ್ಲ. ನಿಸರ್ಗದ ಆಯ್ಕೆ ಅಷ್ಟು ಬಲವಾಗಿ ಕೆಲಸ ಮಾಡೀತು ಎಂದು ಆಗ ಯಾರೂ ಎಣಿಸಿರಲಿಲ್ಲ.

ಹಾಲ್ಡೇನ್ ನಮಗೆ ಪರಕೀಯರಲ್ಲ. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಬಂದ ಅವರು ಭಾರತದ ಪೌರತ್ವ ಪಡೆದು, ಜುಬ್ಬಾ ತೊಟ್ಟು, ಮಾಂಸಾಹಾರ ಬಿಟ್ಟು, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ಕಾಡಿಗೆ ಹೋದ ವೈದ್ಯ

ಲೆಕ್ಕ ಸರಿ, ಸಾಕ್ಷಿ? ಅದನ್ನು ತರಲು ಹೊರಟವರು ಬರ್ನಾರ್ಡ್ ಕೆಟಲ್‌ವೆಲ್. ಓದಿದ್ದು ವೈದ್ಯಕೀಯ, ಹುಚ್ಚು ಪತಂಗದ್ದು. ವೈದ್ಯಗಿರಿ ಬಿಟ್ಟು ದಕ್ಷಿಣ ಆಫ್ರಿಕಕ್ಕೆ ಹೋಗಿದ್ದ ಅವರನ್ನು ಆಕ್ಸ್‌ಫರ್ಡ್‌ನ ಇ. ಬಿ. ಫೋರ್ಡ್ ಈ ಕೆಲಸಕ್ಕೆ ಕರೆಸಿಕೊಂಡರು.

1953ರ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಂ ಬಳಿಯ ಹೊಗೆ ಕವಿದ ಒಂದು ಕಾಡಿನಲ್ಲಿ ಕೆಟಲ್‌ವೆಲ್ ಬಿಡಾರ ಹೂಡಿದರು. ಸಾಕಿ ಬೆಳೆಸಿದ ಹಾಗೂ ಹಿಡಿದ ಗಂಡು ಪತಂಗಗಳ ರೆಕ್ಕೆಯ ಅಡಿಯಲ್ಲಿ, ಹಕ್ಕಿಗೆ ಕಾಣದ ಹಾಗೆ, ಬಣ್ಣದ ಚುಕ್ಕೆ ಇಟ್ಟರು. 447 ಕಪ್ಪು, 137 ಬಿಳಿ, ಜತೆಗೆ ಕೆಲವು ನಡುವಿನ ಬಣ್ಣದವು. ಹಗಲು ಮರಗಳ ಮೇಲೆ ಬಿಟ್ಟು, ರಾತ್ರಿ ದೀಪ ಹಾಗೂ ಹೆಣ್ಣು ಪತಂಗಗಳ ಆಮಿಷವೊಡ್ಡಿ ಮತ್ತೆ ಹಿಡಿದರು. ಕಪ್ಪಿನಲ್ಲಿ ಶೇ 27.5ರಷ್ಟು ಮರಳಿ ಸಿಕ್ಕವು. ಬಿಳಿಯಲ್ಲಿ ಶೇ 13 ಮಾತ್ರ. ಸಿಗದವು ಎಲ್ಲಿ ಹೋದವು? ಹಾರಿ ದೂರ ಹೋಗಿರಬಹುದಲ್ಲ ಎಂದು ಕೇಳುವವರಿಗಾಗಿ 1955ರಲ್ಲಿ ಇದನ್ನೇ ಡಾರ್ಸೆಟ್ ಪ್ರಾಂತ್ಯದ ಕಲ್ಲುಹೂವು ತುಂಬಿದ ಶುದ್ಧ ಗಾಳಿಯ ಕಾಡಿನಲ್ಲಿ ಮಾಡಿದರು. ಅಲ್ಲಿ ಫಲಿತಾಂಶ ತಿರುವುಮುರುವು: ಬಿಳಿ ಶೇ 12.5, ಕಪ್ಪು ಶೇ 6.3.

ಆ ಸಲ ಜತೆಗೆ ನಿಕೊ ಟಿನ್‌ಬರ್ಗೆನ್ ಇದ್ದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ಮುಂದೆ 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ. ಅವರು ಮರೆಯಲ್ಲಿ ಕುಳಿತು ಚಲನಚಿತ್ರ ತೆಗೆದರು. ಹಕ್ಕಿಗಳು ಬಂದು, ಕಣ್ಣಿಗೆ ಬಿದ್ದ ಪತಂಗವನ್ನು ಕ್ಷಣಮಾತ್ರದಲ್ಲಿ ಎತ್ತಿಕೊಂಡು ಹೋಗುವುದು, ಪಕ್ಕದಲ್ಲೇ ಇದ್ದ ಇನ್ನೊಂದು ಬಣ್ಣದ್ದನ್ನು ಕಾಣದೆ ಬಿಡುವುದು ಎಲ್ಲ ಅದರಲ್ಲಿ ದಾಖಲಾಯಿತು. ಕೀಟಶಾಸ್ತ್ರಜ್ಞರು ಅಷ್ಟು ವರ್ಷ ಇದನ್ನು ಏಕೆ ಕಂಡಿರಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು!

ಅಲ್ಲಿಂದ ಮೆಣಸು ಪತಂಗ ಜಗತ್ತಿನ ಪಠ್ಯಪುಸ್ತಕಗಳಿಗೆ ಹಾರಿತು. ಒಂದೇ ಕಾಂಡದ ಮೇಲೆ ಒಂದು ಬಿಳಿ, ಒಂದು ಕಪ್ಪು ಕುಳಿತಿರುವ ಆ ಜೋಡಿ ಚಿತ್ರವನ್ನು ಜೀವಶಾಸ್ತ್ರ ಓದಿದವರಲ್ಲಿ ನೋಡದವರು ಕಡಿಮೆ. ನಮ್ಮ ಪಿಯುಸಿ ವಿದ್ಯಾರ್ಥಿಗಳು ಓದುವ ಪುಸ್ತಕದ ವಿಕಾಸದ ಅಧ್ಯಾಯದಲ್ಲೂ ಅದು ಇದೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ.

ಗಾಳಿ ತಿಳಿಯಾದಾಗ

1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಮೇಲೆ ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾಯ್ದೆ ತಂದಿತು. ಪತಂಗಕ್ಕಾಗಿ ತಂದದ್ದಲ್ಲ, ಆದರೂ ಪತಂಗಕ್ಕೆ ಗೊತ್ತಾಯಿತು. ಮನೆಗಳಲ್ಲಿ ಕಲ್ಲಿದ್ದಲು ಉರಿಸುವುದು ಕಡಿಮೆಯಾದಂತೆ ಮರದ ತೊಗಟೆ ಮೆಲ್ಲಗೆ ತಿಳಿಯಾಗುತ್ತ ಬಂತು.

ಲಿವರ್‌ಪೂಲ್ ಸಮೀಪದ ಕಾಲ್ಡಿ ಎಂಬಲ್ಲಿ ಸಿರಿಲ್ ಕ್ಲಾರ್ಕ್ ಎಂಬವರು ತಮ್ಮ ಮನೆಯಲ್ಲೇ 1959ರಲ್ಲಿ ದೀಪದ ಬೋನು ಇಟ್ಟು ಪತಂಗ ಎಣಿಸಲು ತೊಡಗಿದರು. ಇವರೂ ವೈದ್ಯರೇ. ತಾಯಿಯ ರಕ್ತಕ್ಕೂ ಹೊಟ್ಟೆಯೊಳಗಿನ ಮಗುವಿನ ರಕ್ತಕ್ಕೂ ಆರ್‌ಎಚ್ ಗುಂಪಿನಲ್ಲಿ ಹೊಂದಾಣಿಕೆಯಾಗದೆ ಮಗು ಸಾಯುವ ಕಾಯಿಲೆಗೆ ತಡೆಚುಚ್ಚುಮದ್ದು ರೂಪಿಸಿದವರಲ್ಲಿ ಒಬ್ಬರು. ಇಂದು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಬಾಣಂತಿಯರಿಗೆ ಕೊಡುವ 'ಆ್ಯಂಟಿ ಡಿ' ಅದೇ. ಕ್ಲಾರ್ಕ್ ಆ ದಾರಿ ಹಿಡಿದದ್ದು ಚಿಟ್ಟೆಗಳಿಂದ. ಚಿಟ್ಟೆಯ ರೆಕ್ಕೆಯ ನಮೂನೆ ವಂಶಪಾರಂಪರ್ಯವಾಗಿ ಬರುವ ರೀತಿಗೂ ಆರ್‌ಎಚ್ ರಕ್ತಗುಂಪು ಬರುವ ರೀತಿಗೂ ಅವರಿಗೆ ಹೋಲಿಕೆ ಕಂಡಿತ್ತು. ನಮ್ಮ ಹಿತ್ತಿಲ ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆಯಿಡುವ 'ಕಾಮನ್ ಮಾರ್ಮನ್' ಚಿಟ್ಟೆಯ ಬಗ್ಗೆಯೂ ಅವರು ಫಿಲಿಪ್ ಶೆಪರ್ಡ್ ಜತೆ ಸೇರಿ ದೊಡ್ಡ ಅಧ್ಯಯನ ನಡೆಸಿದ್ದಾರೆ. ಈ ಚಿಟ್ಟೆಯ ಹೆಣ್ಣುಗಳಲ್ಲೂ ಮೂರು ವೇಷ. ಅವುಗಳಲ್ಲಿ ಎರಡು, ಹಕ್ಕಿಗಳಿಗೆ ರುಚಿಸದ ಬೇರೆ ಚಿಟ್ಟೆಗಳ ಅನುಕರಣೆ.

ಕಾಲ್ಡಿಯಲ್ಲಿ ಕ್ಲಾರ್ಕ್ ಎಣಿಕೆ ಶುರು ಮಾಡಿದ ವರ್ಷ ಕಪ್ಪು ಪತಂಗಗಳ ಪಾಲು ಶೇ 93. 1995ರಲ್ಲಿ ಶೇ 18. ಮೂವತ್ತಾರು ವರ್ಷ ಒಂದೇ ಜಾಗದಲ್ಲಿ, ಬೇಸಿಗೆಯಿಂದ ಬೇಸಿಗೆಗೆ ಕುಳಿತು ಎಣಿಸಿದ ಲೆಕ್ಕ ಇದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಇದೇ. ಇದರಲ್ಲಿ ಪ್ರಯೋಗದ ಜಾಣತನ ಇಲ್ಲ, ತಾಳ್ಮೆ ಇದೆ. ಅಟ್ಲಾಂಟಿಕ್ ಸಾಗರದ ಆಚೆ ಅಮೆರಿಕದ ಮಿಚಿಗನ್ ರಾಜ್ಯದಲ್ಲೂ, ಕಾರು ಕಾರ್ಖಾನೆಗಳ ಡೆಟ್ರಾಯಿಟ್ ಸೀಮೆಯಲ್ಲಿ, ಇದೇ ಜಾತಿಯ ಪತಂಗ ಶೇ 90ಕ್ಕೂ ಮೇಲೆ ಕಪ್ಪಾಗಿತ್ತು. ಅಲ್ಲೂ 1990ರ ದಶಕದ ಮಧ್ಯಭಾಗಕ್ಕೆ ಶೇ 20ರ ಆಸುಪಾಸಿಗೆ ಇಳಿಯಿತು. ಎರಡೂ ಕಡೆ ಹೊಗೆ ಇಳಿದ ಮೇಲೆಯೇ.

ಆರೋಪದ ಕಟಕಟೆಯಲ್ಲಿ

ಇಷ್ಟಾದ ಮೇಲೆ ಜಗಳವೆಲ್ಲಿಂದ ಬಂತು? ಬಂದದ್ದು 1998ರಲ್ಲಿ. ಕೇಂಬ್ರಿಜ್‌ನ ಮೈಕೆಲ್ ಮ್ಯಾಜರಸ್ ಆ ವರ್ಷ ಕಪ್ಪು ಕೀಟಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿ, ಕೆಟಲ್‌ವೆಲ್ ಪ್ರಯೋಗದ ಲೋಪಗಳನ್ನು ಒಂದೊಂದಾಗಿ ತೋರಿಸಿದರು. ಸಣ್ಣ ಜಾಗದಲ್ಲಿ ಬಹಳ ಪತಂಗ ಬಿಟ್ಟದ್ದು, ರಾತ್ರಿ ತಾವಾಗಿ ಜಾಗ ಆರಿಸಿಕೊಳ್ಳುವ ಜೀವಿಯನ್ನು ಹಗಲು ಕೈಯಾರೆ ಮರದ ಮೇಲೆ ಇಟ್ಟದ್ದು, ಕಾಂಡದ ಮೇಲೆ ಇಟ್ಟದ್ದು – ಪತಂಗಗಳು ಸಾಮಾನ್ಯವಾಗಿ ಮೇಲಿನ ಕೊಂಬೆಗಳಲ್ಲಿ ಕೂರುತ್ತವೆ ಎಂಬ ಅನುಮಾನ ಆಗಲೇ ಇತ್ತು. ಮ್ಯಾಜರಸ್ ಹೇಳಿದ್ದು, ತೀರ್ಮಾನ ಸರಿ, ವಿವರಗಳು ಪರಿಷ್ಕಾರವಾಗಬೇಕು ಎಂದು. ಆದರೆ ಆ ಪುಸ್ತಕವನ್ನು 'ನೇಚರ್' ಪತ್ರಿಕೆಯಲ್ಲಿ ವಿಮರ್ಶಿಸಿದ ಜೆರ್ರಿ ಕಾಯ್ನ್ – ಅವರೂ ವಿಕಾಸವಾದಿಯೇ – ಈ ಉದಾಹರಣೆಯನ್ನು ಸದ್ಯಕ್ಕೆ ಬದಿಗಿಡಬೇಕು ಎಂಬರ್ಥದಲ್ಲಿ ಬರೆದುಬಿಟ್ಟರು.

ಸಾಕಲ್ಲ! ವಿಕಾಸವಾದವನ್ನೇ ಒಪ್ಪದ, ದೇವರೇ ಎಲ್ಲ ಜೀವಿಗಳನ್ನು ಈಗಿರುವಂತೆ ಸೃಷ್ಟಿಸಿದ ಎನ್ನುವ ಅಮೆರಿಕದ ಗುಂಪುಗಳಿಗೆ ಹಬ್ಬವಾಯಿತು. ಪಠ್ಯಪುಸ್ತಕದ ಚಿತ್ರಗಳಲ್ಲಿ ಅನೇಕವು ಸತ್ತ ಪತಂಗಗಳನ್ನು ಮರಕ್ಕೆ ಇರಿಸಿ ತೆಗೆದವು ಎಂಬುದು ಹೊರಬಂತು. (ಚಿತ್ರಕ್ಕಾಗಿ ಜೋಡಿಸಿ ನಿಲ್ಲಿಸುವುದು ಪತ್ರಿಕೆಯವರಿಗೆ ಹೊಸ ವಿಷಯವಲ್ಲ, ಎರಡೂ ಬಣ್ಣಗಳನ್ನು ಹೋಲಿಸಿ ತೋರಿಸುವ ಚಿತ್ರ ತಾನಾಗಿ ಸಿಗುವುದೂ ಇಲ್ಲ. ಆದರೆ ಅಡಿಬರಹದಲ್ಲಿ ಹಾಗೆಂದು ಹೇಳಬೇಕಿತ್ತು.) 2002ರಲ್ಲಿ ಜುಡಿತ್ ಹೂಪರ್ ಎಂಬ ಪತ್ರಕರ್ತೆ ಬರೆದ ಪುಸ್ತಕ ಇನ್ನೂ ಮುಂದೆ ಹೋಗಿ, ಕೆಟಲ್‌ವೆಲ್ ಅಂಕಿಗಳನ್ನೇ ತಿದ್ದಿರಬಹುದೆಂಬ ಸಂಶಯ ಬಿತ್ತಿತು. 1953ರಲ್ಲಿ ಮೊದಲ ಕೆಲವು ದಿನ ಬಹಳ ಕಡಿಮೆ ಪತಂಗಗಳು ಮರಳಿ ಸಿಕ್ಕಿದ್ದವು. ಜುಲೈ 1ರಂದು ಫೋರ್ಡ್ ಬೇಸರ ಸೂಚಿಸಿ ಒಂದು ಪತ್ರ ಬರೆದರು. ಆಮೇಲೆ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು ಎಂಬುದು ಆರೋಪದ ತಿರುಳು.

ಕೆಟಲ್‌ವೆಲ್ 1979ರಲ್ಲೇ ತೀರಿಕೊಂಡಿದ್ದರು. ಉತ್ತರ ಹೇಳುವವರು ಯಾರು? ದಾಖಲೆಗಳೇ ಹೇಳಿದವು. ಮರಳಿ ಸಿಕ್ಕ ಪತಂಗಗಳ ಸಂಖ್ಯೆ ಏರಿದ್ದು ಪತ್ರ ಬರೆದ ಜುಲೈ 1ರಂದೇ. ಆಕ್ಸ್‌ಫರ್ಡ್‌ನಿಂದ ಹೊರಟ ಕಾಗದ ಬರ್ಮಿಂಗ್‌ಹ್ಯಾಂ ಕಾಡಿಗೆ ತಲುಪುವ ಮೊದಲೇ. ಅಲ್ಲದೆ ಆ ಹೊತ್ತಿಗೆ ಕೆಟಲ್‌ವೆಲ್ ದಿನಕ್ಕೆ ಬಿಡುವ ಪತಂಗಗಳ ಸಂಖ್ಯೆಯನ್ನೂ ಹೆಚ್ಚಿಸಿದ್ದರು. ಹೆಚ್ಚು ಬಿಟ್ಟರೆ ಹೆಚ್ಚು ಸಿಗುತ್ತದೆ. ಸತ್ತವರ ಮೇಲೆ ವಂಚನೆಯ ಆರೋಪ ಹೊರಿಸುವ ಮೊದಲು ಅಂಚೆಯ ದಿನಾಂಕವನ್ನಾದರೂ ನೋಡಬಹುದಿತ್ತು.

ಆದರೂ ಪ್ರಯೋಗದ ಲೋಪಗಳು ಲೋಪಗಳೇ. ಅವನ್ನು ಎತ್ತಿ ತೋರಿಸಿದ ಮ್ಯಾಜರಸ್‌ಗೆ ತಮ್ಮ ಮಾತು ಹೀಗೆ ಬಳಕೆಯಾದದ್ದು ನೋವು ತಂದಿರಬೇಕು. ಅವರು ವಾದಕ್ಕೆ ನಿಲ್ಲುವ ಬದಲು ಪ್ರಯೋಗವನ್ನೇ ಮತ್ತೆ ಮಾಡಿದರು. ಕೇಂಬ್ರಿಜ್ ಬಳಿಯ ತಮ್ಮ ಮನೆಯ ಹಿತ್ತಿಲಲ್ಲಿ, 2001ರಿಂದ 2007ರವರೆಗೆ. ಪತಂಗಗಳನ್ನು ರಾತ್ರಿಯೇ ಬಿಟ್ಟರು, ಕೂರುವ ಜಾಗವನ್ನು ಅವೇ ಆರಿಸಿಕೊಳ್ಳುವಂತೆ ಮಾಡಿದರು, ಅಲ್ಲಿ ನಿಸರ್ಗದಲ್ಲಿ ಇದ್ದ ಪ್ರಮಾಣದಲ್ಲೇ ಕಪ್ಪು ಬಿಳಿಯನ್ನು ಬಳಸಿದರು, ಸಂಖ್ಯೆ ಅತಿಯಾಗದಂತೆ ನೋಡಿಕೊಂಡರು. ಬೆಳಗಿನ ಜಾವ ದುರ್ಬೀನು ಹಿಡಿದು ಯಾವುದು ಉಳಿಯಿತು, ಯಾವುದನ್ನು ಯಾವ ಹಕ್ಕಿ ತಿಂದಿತು ಎಂದು ಬರೆದಿಟ್ಟರು. ಒಟ್ಟು 4,864 ಪತಂಗಗಳು! ಮರ ಹತ್ತಿ ಹುಡುಕಿದಾಗ ಸಿಕ್ಕ 135 ಪತಂಗಗಳಲ್ಲಿ ಅರ್ಧಕ್ಕೂ ಹೆಚ್ಚು ಕೊಂಬೆಗಳ ಮೇಲಿದ್ದವು, ನಿಜ. ಆದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕಾಂಡದ ಮೇಲೆಯೇ ಇದ್ದವು. ಒಂಬತ್ತು ಜಾತಿಯ ಹಕ್ಕಿಗಳು ಅವನ್ನು ತಿನ್ನುವುದನ್ನು ಅವರು ಕಣ್ಣಾರೆ ಕಂಡರು. ತಿಳಿಗಾಳಿಯ ಆ ತೋಟದಲ್ಲಿ ಕಪ್ಪು ಪತಂಗ ಬಿಳಿಗಿಂತ ಹೆಚ್ಚು ಬಲಿಯಾಗುತ್ತಿತ್ತು. ಆ ಸೀಮೆಯಲ್ಲಿ 2001ರಲ್ಲಿ ಶೇ 12ರಷ್ಟಿದ್ದ ಕಪ್ಪಿನ ಪಾಲು ಅವರ ಎಣಿಕೆ ಮುಗಿಯುವ ವೇಳೆಗೆ ಶೇ ಒಂದೆರಡಕ್ಕೆ ಇಳಿದಿತ್ತು.

2007ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಮ್ಯಾಜರಸ್ ಇದನ್ನೆಲ್ಲ ವಿವರಿಸಿದರು. ಪ್ರಬಂಧ ಬರೆಯಲು ಅವರಿಗೆ ಆಯುಷ್ಯ ಸಾಲಲಿಲ್ಲ. 2009ರ ಜನವರಿಯಲ್ಲಿ, 54ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಬಿಟ್ಟುಹೋದ ಅಂಕಿಗಳನ್ನು ಲಾರೆನ್ಸ್ ಕುಕ್ ಮತ್ತು ಇತರ ಮೂವರು ವಿಜ್ಞಾನಿಗಳು ವಿಶ್ಲೇಷಿಸಿ 2012ರಲ್ಲಿ ಪ್ರಕಟಿಸಿದರು. ಹಕ್ಕಿಯ ಕಣ್ಣು ನಮ್ಮ ಕಣ್ಣಿನಂತಲ್ಲ, ಅದಕ್ಕೆ ಅತಿನೇರಳೆ ಬಣ್ಣವೂ ಕಾಣುತ್ತದೆ, ಹಾಗಿರುವಾಗ ನಮಗೆ ಮರೆಯಾಗಿ ಕಂಡದ್ದು ಹಕ್ಕಿಗೂ ಮರೆಯೇ ಎಂಬ ಕೊನೆಯ ಪ್ರಶ್ನೆಗೆ 2018ರಲ್ಲಿ ಎಕ್ಸಿಟರ್ ವಿಶ್ವವಿದ್ಯಾಲಯದವರು ಉತ್ತರಿಸಿದರು. ಹಕ್ಕಿಯ ದೃಷ್ಟಿಯನ್ನು ಅನುಕರಿಸಿ ನೋಡಿದಾಗಲೂ ಕಲ್ಲುಹೂವಿನ ಮೇಲೆ ಬಿಳಿ ಪತಂಗವೇ ಹೆಚ್ಚು ಮರೆಯಾಗುತ್ತದೆ. ಕೃತಕ ಪತಂಗಗಳನ್ನು ಕಾಡಿನಲ್ಲಿಟ್ಟಾಗ ಬಿಳಿಯದಕ್ಕೆ ಉಳಿಯುವ ಅವಕಾಶ ಶೇ 21ರಷ್ಟು ಹೆಚ್ಚಿತ್ತು.

ಹುಳುವಿನ ವಿಷಯವೇ ಬೇರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ರೆಕ್ಕೆ ಬಂದ ಪತಂಗದ ಬಣ್ಣದ ಮಾತು. ಅದರ ಹುಳು ಇನ್ನೂ ಚಾಲಾಕು. ಕಡ್ಡಿಯಂತೆ ನೆಟ್ಟಗೆ ಚಾಚಿ ನಿಂತರೆ ಇದು ಹುಳುವೋ ಒಣಗಿದ ರೆಂಬೆಯೋ ಎಂದು ಹೇಳಲಾಗದು. ಹಸಿರು ಕಡ್ಡಿಯ ಗಿಡದಲ್ಲಿ ಬೆಳೆದದ್ದು ಹಸಿರು, ಕಂದು ಕಡ್ಡಿಯದರಲ್ಲಿ ಬೆಳೆದದ್ದು ಕಂದು. ಇದು ಮಾತ್ರ ಹುಟ್ಟಿನ ಬಣ್ಣವಲ್ಲ, ಬದುಕಿರುವಾಗಲೇ ಬದಲಿಸಿಕೊಳ್ಳುವ ಬಣ್ಣ. 2019ರಲ್ಲಿ ಲಿವರ್‌ಪೂಲ್‌ನ ಸಂಶೋಧಕರು ಈ ಹುಳುಗಳ ಕಣ್ಣಿಗೆ ಕಪ್ಪು ಬಣ್ಣ ಬಳಿದು ಕುರುಡು ಮಾಡಿ ನೋಡಿದರು. ಆಗಲೂ ಅವು ಕಡ್ಡಿಯ ಬಣ್ಣಕ್ಕೆ ಹೊಂದಿಕೊಂಡವು! ಬಣ್ಣವನ್ನು ಅವು ಚರ್ಮದಿಂದಲೂ ಗ್ರಹಿಸುತ್ತವೆ. ಒಂದೇ ಜೀವಿ ಬಾಲ್ಯದಲ್ಲಿ ಒಂದು ದಾರಿಯಲ್ಲಿ, ಪ್ರಾಯದಲ್ಲಿ ಇನ್ನೊಂದು ದಾರಿಯಲ್ಲಿ ಹಕ್ಕಿಯಿಂದ ತಪ್ಪಿಸಿಕೊಳ್ಳುತ್ತದೆ.

1848ರ ಆ ಕಪ್ಪು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯಿತಲ್ಲ. ಅದಕ್ಕೆ 2016ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಇಲಿಕ್ ಸಾಕ್ಕೇರಿ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಜೀವಿಗಳ ಡಿಎನ್‌ಎ ಒಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ತುಣುಕುಗಳಿರುತ್ತವೆ. ಅಂಥ ಸುಮಾರು 22 ಸಾವಿರ ಅಕ್ಷರಗಳ ಒಂದು ತುಣುಕು ಈ ಪತಂಗದ 'ಕಾರ್ಟೆಕ್ಸ್' ಎಂಬ ವಂಶವಾಹಿಯ ನಡುವೆ ಬಂದು ಕುಳಿತಿದೆ. ಬ್ರಿಟನ್ನಿನ ಕಪ್ಪು ಪತಂಗಗಳಲ್ಲಿ ಇರುವುದು ಇದೇ ತುಣುಕು, ಬಿಳಿಯವುಗಳಲ್ಲಿ ಅದಿಲ್ಲ. ಕಪ್ಪು ಬಣ್ಣವನ್ನು ತರುವುದು ಕಾರ್ಟೆಕ್ಸ್ ಒಂದೇ ಅಲ್ಲ, ಅದೇ ನೆರೆಯಲ್ಲಿರುವ ಪುಟ್ಟ ಆರ್‌ಎನ್‌ಎ ಒಂದರ ಪಾತ್ರ ದೊಡ್ಡದು ಎಂದು ಬೇರೆ ಚಿಟ್ಟೆಗಳ ಮೇಲೆ 2024ರಲ್ಲಿ ನಡೆದ ಅಧ್ಯಯನಗಳು ಸೂಚಿಸಿವೆ. ತುಣುಕಿನ ಸುತ್ತಲಿನ ಡಿಎನ್‌ಎ ಎಷ್ಟು ಕಲಬೆರಕೆಯಾಗಿದೆ ಎಂಬುದರಿಂದ ಅದು ಬಂದು ಸೇರಿದ ಕಾಲವನ್ನೂ ಲೆಕ್ಕ ಹಾಕಿದ್ದಾರೆ: 1819ರ ಆಸುಪಾಸು.

ಎಂದರೆ ಮೂವತ್ತು ವರ್ಷ, ಮೂವತ್ತು ಪೀಳಿಗೆ, ಒಂದಿಷ್ಟು ಕಪ್ಪು ಪತಂಗಗಳು ಇಂಗ್ಲೆಂಡಿನ ಮರಗಳ ಮೇಲೆ ಹೇಗೋ ಹಕ್ಕಿಗಳ ಕಣ್ಣು ತಪ್ಪಿಸಿ ಬದುಕಿದ್ದವು. ಹೊಗೆ ದಟ್ಟವಾಗಿ ಅವುಗಳ ಕಾಲ ಬಂದಾಗ ಸಂಗ್ರಾಹಕರ ಬಲೆಗೂ ಬಿದ್ದವು. ಈಗ ಬ್ರಿಟನ್ನಿನಲ್ಲಿ ಅವು ಮತ್ತೆ ಅಪರೂಪ. ರಾತ್ರಿ ದೀಪ ಹಚ್ಚಿ ಪತಂಗ ಎಣಿಸುವ ಹವ್ಯಾಸಿಗಳು ಅಲ್ಲಿ ಇಂದಿಗೂ ಸಾವಿರಾರು ಜನ ಇದ್ದಾರೆ. ಬೋನಿನಲ್ಲಿ ಒಂದು ಕಾರ್ಬೊನೇರಿಯಾ ಸಿಕ್ಕಿತೆಂದರೆ ಅದನ್ನು ಹೊರಬಿಡುವ ಮೊದಲು ಅಕ್ಕಪಕ್ಕದವರನ್ನು ಕರೆದು ತೋರಿಸುವಂಥ ಸಂಗತಿ ಅದು.